ಒಳ್ಳೆಯ ಸಿಬ್ಬಂದಿಯಿಂದ ಸ್ಕಿಪ್ಪರ್‌ವರೆಗೆ: ಸಮುದ್ರವಿಲ್ಲದ ಊರಿನಲ್ಲಿ ತಯಾರಿ

ಪ್ರಶ್ನೆ: ನಾನು ವಿಜಯಪುರದವಳು. ಓದಲು ಇಂಗ್ಲೆಂಡಿಗೆ ಹೋದಾಗ ಸೌತಾಂಪ್ಟನ್‌ನಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತೆ. ಮೇ ತಿಂಗಳಲ್ಲಿ ಅಲ್ಲಿಯೇ ಯಾಟ್‌ಮಾಸ್ಟರ್ ಕೋಸ್ಟಲ್ (ಕರಾವಳಿಯಲ್ಲಿ ಹಾಯಿದೋಣಿಯ ಮುಖ್ಯಸ್ಥರಾಗಿ ನಡೆಸುವ ಅರ್ಹತೆಯ) ಪ್ರಾಯೋಗಿಕ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಮನೆಯ ಕಾರಣದಿಂದ ಏಪ್ರಿಲ್ ಕೊನೆಯವರೆಗೂ ಊರಿನಲ್ಲೇ ಇರಬೇಕು. ಹೊರಡುವ ಮೊದಲು ನನ್ನ ತರಬೇತುದಾರರು, ‘ನೀನು ಒಳ್ಳೆಯ ಸಿಬ್ಬಂದಿ, ಇನ್ನೂ ಸ್ಕಿಪ್ಪರ್ ಆಗಿಲ್ಲ’ ಎಂದರು. ಆ ಮಾತು ಮನಸ್ಸಿನಲ್ಲೇ ಉಳಿದಿದೆ. ದೋಣಿಯಲ್ಲಿ ಉಳಿದವರೆಲ್ಲ ನನಗಿಂತ ಹಿರಿಯರು, ಹೀಗೆ ಮಾಡಿ ಎಂದು ಅವರಿಗೆ ಹೇಳಲು ನಾಲಿಗೆ ಏಳುವುದಿಲ್ಲ. ಸಮುದ್ರವಿಲ್ಲದ ಈ ಊರಿನಲ್ಲಿದ್ದು ಏನು ತಯಾರಿ ಮಾಡಿಕೊಳ್ಳಬಹುದು?

ಉತ್ತರ: ನಿಮ್ಮ ತರಬೇತುದಾರರು ಒಂದೇ ವಾಕ್ಯದಲ್ಲಿ ಇಡೀ ಪರೀಕ್ಷೆಯನ್ನು ಹೇಳಿಬಿಟ್ಟಿದ್ದಾರೆ. ಅದನ್ನು ಟೀಕೆ ಎಂದುಕೊಳ್ಳಬೇಡಿ. ಹಗ್ಗ, ಹಾಯಿ, ಚುಕ್ಕಾಣಿಯ ಕೆಲಸ ನಿಮಗೆ ಬರುತ್ತದೆ ಎಂದು ಅವರು ಒಪ್ಪಿಕೊಂಡಿದ್ದಾರೆ. ಉಳಿದಿರುವುದು ಸ್ಕಿಪ್ಪರ್‌ನ ಕೆಲಸ, ಅಂದರೆ ದೋಣಿಯನ್ನೂ ಅದರಲ್ಲಿರುವ ಜನರನ್ನೂ ನಡೆಸುವ ಕೆಲಸ. ಅದರ ಬಹುಪಾಲು ತಲೆಯಲ್ಲಿ ಮತ್ತು ಬಾಯಿಯಲ್ಲಿ ನಡೆಯುವಂಥದ್ದು. ಆದ್ದರಿಂದ ವಿಜಯಪುರದಲ್ಲಿ ಕಳೆಯುವ ಈ ತಿಂಗಳುಗಳು ವ್ಯರ್ಥ ಎಂದು ಕೊರಗಬೇಡಿ. ಸಮುದ್ರದ ಪಕ್ಕದಲ್ಲೇ ಇದ್ದು ದಿನವೂ ದೋಣಿ ಹತ್ತುವವರು ಈ ಭಾಗವನ್ನೇ ಕಡೆಗಣಿಸುತ್ತಾರೆ.

ಮೊದಲು ಕಾಗದಪತ್ರಗಳು. ಯಾಟ್‌ಮಾಸ್ಟರ್ ಕೋಸ್ಟಲ್‌ಗೆ ಬ್ರಿಟನ್ನಿನ ಹಾಯಿದೋಣಿ ಸಂಸ್ಥೆಯಾದ ರಾಯಲ್ ಯಾಟಿಂಗ್ ಅಸೋಸಿಯೇಷನ್ ಕೇಳುವುದು 30 ದಿನಗಳ ಸಮುದ್ರಯಾನ, 800 ನಾಟಿಕಲ್ ಮೈಲು, ಎರಡು ದಿನ ಸ್ಕಿಪ್ಪರ್ ಆಗಿ, ರಾತ್ರಿಯಲ್ಲಿ 12 ಗಂಟೆ. ಕೋಸ್ಟಲ್ ಸ್ಕಿಪ್ಪರ್ ಪ್ರಾಯೋಗಿಕ ಕೋರ್ಸಿನ ಪ್ರಮಾಣಪತ್ರ ಕೈಯಲ್ಲಿದ್ದರೆ 20 ದಿನ ಮತ್ತು 400 ಮೈಲು ಸಾಕು. ಇದರಲ್ಲಿ ಕನಿಷ್ಠ ಅರ್ಧ ಉಬ್ಬರ-ಇಳಿತವಿರುವ ನೀರಿನಲ್ಲಿ ಆಗಿರಬೇಕು. ಜೊತೆಗೆ ವಿಎಚ್‌ಎಫ್ ರೇಡಿಯೊ ಪ್ರಮಾಣಪತ್ರ ಮತ್ತು ಚಾಲ್ತಿಯಲ್ಲಿರುವ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಬೇಕು. ಲಾಗ್‌ಬುಕ್ ಅನ್ನು ಇಂದೇ ತೆರೆದು ದಿನಾಂಕ, ದೋಣಿಯ ಹೆಸರು, ಮೈಲು, ರಾತ್ರಿ ಗಂಟೆ ಎಲ್ಲವನ್ನೂ ಕೂಡಿ ನೋಡಿ. ಎರಡು ಸಹಿ ಬಾಕಿ ಇದೆ ಎಂದು ಪರೀಕ್ಷೆಯ ಹಿಂದಿನ ದಿನ ಗೊತ್ತಾದರೆ ಪ್ರಯೋಜನವಿಲ್ಲ. ಮುಂದೆ ಇದನ್ನೇ ವೃತ್ತಿಯಾಗಿಸಿಕೊಳ್ಳುವ ಮನಸ್ಸಿದ್ದರೆ ವೈದ್ಯಕೀಯ ತಪಾಸಣೆ, ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿ ಮತ್ತು ವೃತ್ತಿ ಜವಾಬ್ದಾರಿಗಳ ಕೋರ್ಸ್ ಪ್ರತ್ಯೇಕವಾಗಿ ಬೇಕಾಗುತ್ತವೆ. ಈಗ ಅದರ ಚಿಂತೆ ಬೇಡ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಒಬ್ಬರೇ ಅಭ್ಯರ್ಥಿ ಇದ್ದರೆ ಆರರಿಂದ ಹತ್ತು ಗಂಟೆ, ಇಬ್ಬರಿದ್ದರೆ ಎಂಟರಿಂದ ಹದಿನಾಲ್ಕು ಗಂಟೆ ಪರೀಕ್ಷಕರು ನಿಮ್ಮ ದೋಣಿಯಲ್ಲಿರುತ್ತಾರೆ. ಅವರು ಕಲಿಸಲು ಬಂದವರಲ್ಲ, ತಿದ್ದುವುದೂ ಇಲ್ಲ. ಕತ್ತಲಲ್ಲಿ, ಗಾಳಿ ಏರುತ್ತಿರುವಾಗ, ಈ ಹುಡುಗಿಯ ಕೈಗೆ ನಾಲ್ಕು ಜನರ ಜೀವ ಕೊಡಬಹುದೇ ಎಂಬುದೊಂದನ್ನೇ ನೋಡುತ್ತಾರೆ. ಒಂದು ಸಲ ಜೆಟ್ಟಿಗೆ ಬರುವಾಗ ಅಂದಾಜು ತಪ್ಪಿದರೆ, ನೀವು ಬೇಗ ಗುರುತಿಸಿ ಹಿಂದೆ ಸರಿದು ಮತ್ತೆ ಬಂದರೆ ಅದು ನಿಮ್ಮ ಪರವಾಗಿಯೇ ಎಣಿಕೆಯಾಗುತ್ತದೆ. ಕೆಟ್ಟ ಕೋನದಲ್ಲಿ ಬಂದದ್ದು ಗೊತ್ತಿದ್ದೂ ಹಟ ಹಿಡಿದು ನುಗ್ಗಿಸಿದರೆ ದೋಣಿ ಅದೃಷ್ಟವಶಾತ್ ನಿಂತರೂ ಅಂಕ ಹೋಯಿತು.

ನಿಮ್ಮ ತೊಡಕು ಎಲ್ಲಿದೆ ಎಂಬುದು ನಿಮ್ಮ ಪತ್ರದಲ್ಲೇ ಇದೆ. ಹಿರಿಯರಿಗೆ ಕೆಲಸ ಹೇಳಬಾರದು, ನಾವೇ ಎದ್ದು ಮಾಡಬೇಕು ಎಂದು ನಮ್ಮ ಮನೆಗಳಲ್ಲಿ ಕಲಿಸುತ್ತಾರೆ. ಅದು ಒಳ್ಳೆಯ ಸಂಸ್ಕಾರ. ಆದರೆ ದೋಣಿಯಲ್ಲಿ ಅದು ಹೀಗೆ ಕಾಣುತ್ತದೆ: ಮುಂದಿನ ಹಗ್ಗ ಸಿಕ್ಕಿಹಾಕಿಕೊಂಡಿತು, ಅಲ್ಲಿ ಐವತ್ತು ದಾಟಿದವರೊಬ್ಬರು ಕುಳಿತಿದ್ದಾರೆ, ಅವರಿಗೆ ಹೇಳಲು ಸಂಕೋಚವಾಗಿ ಸ್ಕಿಪ್ಪರ್ ತಾನೇ ಮುಂದಕ್ಕೆ ಓಡುತ್ತಾಳೆ. ಆ ಅರ್ಧ ನಿಮಿಷ ಹಿಂದಿನಿಂದ ಬರುವ ಹಡಗನ್ನು ನೋಡುವವರಿಲ್ಲ, ಆಳಮಾಪಕ ನೋಡುವವರಿಲ್ಲ. ನಮ್ಮ ಕಡೆಯ ಮದುವೆ ಮನೆಯಲ್ಲಿ ಪಂಕ್ತಿ ನಡೆಸುವ ಹಿರಿಯರನ್ನು ನೆನಪಿಸಿಕೊಳ್ಳಿ. ಅವರು ಸಾರಿನ ಬಕೆಟ್ ಹಿಡಿಯುವುದಿಲ್ಲ. ಬಾಗಿಲ ಬಳಿ ನಿಂತು ಯಾವ ಸಾಲಿಗೆ ಪಲ್ಯ ಬಂದಿಲ್ಲ, ಒಳಗೆ ಎಷ್ಟು ಹೋಳಿಗೆ ಉಳಿದಿದೆ ಎಂದು ನೋಡುತ್ತಾ, ಹೆಸರು ಹಿಡಿದು ಕರೆದು, ಮೆಲ್ಲಗೆ ಹೇಳುತ್ತಾರೆ. ಸ್ಕಿಪ್ಪರ್‌ನ ಜಾಗ ಅದು. ಅವರ ಮಾತಿನಲ್ಲಿ ಗದರಿಕೆ ಇರುವುದಿಲ್ಲ, ಆದರೆ ಅನುಮಾನವೂ ಇರುವುದಿಲ್ಲ.

ಇದಕ್ಕೆ ಅಭ್ಯಾಸ ಬೇಕು, ಅದನ್ನು ಮನೆಯಲ್ಲೇ ಮಾಡಬಹುದು. ಹಿರಿಯರಿಗೆ ಕೆಲಸ ಹೇಳುವಾಗ ನಾಲ್ಕು ಸಂಗತಿ ಮೊದಲೇ ಹೇಳಿಬಿಟ್ಟರೆ ಆಮೇಲೆ ಕೂಗುವ ಪ್ರಸಂಗವೇ ಬರುವುದಿಲ್ಲ: ನಾವು ಏನು ಮಾಡಲಿದ್ದೇವೆ, ಗಾಳಿ ಮತ್ತು ನೀರಿನ ಹರಿವು ಯಾವ ಕಡೆಯಿಂದ, ನಿಮ್ಮ ಕೆಲಸ ಯಾವುದು, ಕೆಟ್ಟರೆ ಏನು ಮಾಡುತ್ತೇವೆ. ಉದಾಹರಣೆಗೆ: ‘ಎಡಬದಿಯನ್ನು ಜೆಟ್ಟಿಗೆ ಹಚ್ಚುತ್ತೇವೆ. ಹರಿವು ಎದುರಿನಿಂದ ಇದೆ, ಅದೇ ನಮ್ಮ ಬ್ರೇಕು. ನೀವು ನಡುವಿನ ಹಗ್ಗ ಹಿಡಿದು ದೋಣಿಯ ಮಧ್ಯದಲ್ಲಿ ನಿಲ್ಲಿ. ನಾನು ಹೇಳಿದ ಮೇಲೆ ಕಾಲಿಡಿ, ಹಾರಬೇಡಿ. ಸರಿಹೋಗದಿದ್ದರೆ ಬಲಕ್ಕೆ ಹೊರಗೆ ಹೋಗಿ ಮತ್ತೆ ಬರುತ್ತೇವೆ. ಯಾರಿಗಾದರೂ ಏನಾದರೂ ಕೇಳುವುದಿದೆಯೇ?’ ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಮೊದಲು ಕನ್ನಡದಲ್ಲಿ ಹೇಳಿ ಅಭ್ಯಾಸ ಮಾಡಿ, ಆಮೇಲೆ ಇಂಗ್ಲಿಷಿನಲ್ಲಿ. ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿ. ಮಾತು ಉದ್ದವಾಗುತ್ತಿದೆ ಎಂದರೆ ಯೋಜನೆ ಇನ್ನೂ ನಿಮಗೇ ಸ್ಪಷ್ಟವಾಗಿಲ್ಲ ಎಂದೇ ತಿಳಿಯಿರಿ. ಹತ್ತುವ ಮೊದಲಿನ ಸುರಕ್ಷತಾ ವಿವರಣೆಯನ್ನೂ ಇದೇ ರೀತಿ ಬಾಯಿಪಾಠವಲ್ಲದ ಮಾತಿನಲ್ಲಿ ಹೇಳಲು ಬರಬೇಕು. ಲೈಫ್‌ಜಾಕೆಟ್ ಹೇಗೆ ಬಿಗಿಯುವುದು, ಗ್ಯಾಸ್ ಎಲ್ಲಿ ಬಂದ್ ಮಾಡುವುದು, ಬೆಂಕಿನಂದಕಗಳು ಎಲ್ಲಿವೆ, ಸ್ಕಿಪ್ಪರ್‌ಗೇ ಏನಾದರೂ ಆದರೆ ರೇಡಿಯೊದ 16ನೇ ಚಾನೆಲ್‌ನಲ್ಲಿ ಮೇಡೇ ಎಂದು ಅಪಾಯದ ಕರೆ ಕೊಡುವುದು ಹೇಗೆ ಎಂಬುದೆಲ್ಲ ಅದರಲ್ಲಿ ಬರಬೇಕು. ಮನೆಯಲ್ಲಿ ದೋಣಿಯನ್ನೇ ನೋಡದ ಚಿಕ್ಕಮ್ಮನಿಗೆ ಹೇಳಿ ನೋಡಿ. ಅವರಿಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತದೆ.

ನೀರಿಗೆ ಬಿದ್ದವರನ್ನು ಹಾಯಿಯ ಬಲದಲ್ಲೇ ಎತ್ತುವ ಪರೀಕ್ಷೆ ಬಂದೇ ಬರುತ್ತದೆ. ಪರೀಕ್ಷಕರು ಮಾತಿನ ನಡುವೆ ಒಂದು ಫೆಂಡರ್‌ಗೆ (ಜೆಟ್ಟಿಗೆ ಉಜ್ಜದಂತೆ ದೋಣಿಯ ಬದಿಗೆ ತೂಗುಹಾಕುವ ಮೆತ್ತೆ) ಬಕೆಟ್ ಕಟ್ಟಿ ನೀರಿಗೆ ಎಸೆಯುತ್ತಾರೆ. ಇದನ್ನು ನೀವು ಮಾಳಿಗೆಯ ಮೇಲೆ ಅಭ್ಯಾಸ ಮಾಡಬೇಕೆಂದು ನನ್ನ ಒತ್ತಾಯ. ಬಟ್ಟೆ ಒಣಗಿಸುವ ತಂತಿಗೆ ಒಂದು ದುಪಟ್ಟಾ ಕಟ್ಟಿ, ಅದು ಗಾಳಿ ತೋರಿಸುತ್ತದೆ. ಒಂದು ಚಪ್ಪಲಿ ಕೆಳಗೆ ಹಾಕಿ, ಬಿದ್ದವರು ಅಲ್ಲಿದ್ದಾರೆ. ಈಗ ಬಾಯಿಬಿಟ್ಟು ಹೇಳುತ್ತಾ ನಡೆಯಿರಿ. ಮೊದಲ ಮಾತು ಕೂಗು. ಎರಡನೆಯದು ‘ನೀವು ಅವರ ಕಡೆಗೇ ಬೆರಳು ತೋರಿಸುತ್ತಿರಿ, ಕಣ್ಣು ತೆಗೆಯಬೇಡಿ’. ಮೂರನೆಯದು ಜೀವರಕ್ಷಕ ಬಳೆ ಎಸೆಯುವುದು, ಆ ಜಾಗ ಗುರುತಾಗುವಂತೆ ಚಾರ್ಟ್‌ಪ್ಲಾಟರ್‌ನ (ಪರದೆಯ ಮೇಲೆ ನಕಾಶೆ ತೋರಿಸುವ ಸಾಧನ) ಗುಂಡಿ ಒತ್ತುವುದು. ಗಾಳಿ ಅಡ್ಡಬರುವ ದಿಕ್ಕಿಗೆ ದೋಣಿ ತಿರುಗಿಸಿ ಕೆಲವು ದೋಣಿಯುದ್ದ ಹೋಗಿ, ಟ್ಯಾಕ್ ಮಾಡಿ (ಮೂತಿಯನ್ನು ಗಾಳಿಯ ಮೂಲಕ ಇನ್ನೊಂದು ಬದಿಗೆ ತಿರುಗಿಸಿ), ವಾಪಸ್ ಬರಬೇಕು. ನಿಜವಾದ ಕೌಶಲ ಇರುವುದು ಮುಂದಿನ ಹೆಜ್ಜೆಯಲ್ಲಿ. ಬಿದ್ದವರ ಕಡೆಗೆ ಮೂತಿ ಹಿಡಿದು ಎರಡೂ ಹಾಯಿಗಳ ಹಗ್ಗ ಸಡಿಲಿಸಿ. ಎರಡೂ ಪಟಪಟನೆ ಬಡಿದುಕೊಂಡರೆ ನೀವು ಕ್ಲೋಸ್ ರೀಚ್‌ನಲ್ಲಿ, ಅಂದರೆ ಗಾಳಿಗೆ ಓರೆಯಾಗಿ ಎದುರು ಮುಖದಲ್ಲಿದ್ದೀರಿ, ಕೋನ ಸರಿ. ದೊಡ್ಡ ಹಾಯಿ ಇನ್ನೂ ಗಾಳಿ ಹಿಡಿದುಕೊಂಡೇ ಇದ್ದರೆ ನೀವು ತೀರಾ ಗಾಳಿಯ ಮೇಲುಗಡೆ ಇದ್ದೀರಿ. ಅಲ್ಲಿಂದ ಬಂದರೆ ದೋಣಿ ನಿಲ್ಲುವುದೇ ಇಲ್ಲ, ಬಿದ್ದವರ ಪಕ್ಕದಲ್ಲೇ ನುಗ್ಗಿ ಹೋಗುತ್ತದೆ. ಕೂಡಲೇ ಗಾಳಿಯ ಕೆಳಬದಿಗೆ ಸ್ವಲ್ಪ ಇಳಿದು ಮತ್ತೆ ಮೂತಿ ಎತ್ತಿ ನೋಡಿ. ಕೋನ ಸಿಕ್ಕ ಮೇಲೆ ಹಗ್ಗ ಸ್ವಲ್ಪ ಎಳೆ, ಬಿಡು, ಎಳೆ, ಬಿಡು. ದೋಣಿ ತೆವಳುತ್ತಾ ಬಂದು, ಬಿದ್ದವರು ಗಾಳಿಮರೆಯ ಬದಿಯಲ್ಲಿ, ಕೂವೆಮರದ ಪಕ್ಕದ ತಂತಿಗಳ ಹತ್ತಿರ ಬರುವಂತೆ ನಿಲ್ಲಬೇಕು. ಮಾಳಿಗೆಯಲ್ಲಿ ಗಾಳಿಯ ದಿಕ್ಕು ಬದಲಾದಂತೆಲ್ಲ ಚಪ್ಪಲಿಯ ಜಾಗ ಬದಲಿಸಿ ಮತ್ತೆ ನಡೆಯಿರಿ. ಕೋನವನ್ನು ದೇಹವೇ ಕಲಿಯುವವರೆಗೆ ಮಾಡಿ. ಬಕೆಟ್ ಮೇಲೆ ಬಂದ ಮೇಲೆ ಮುಗಿಯಿತು ಎಂದುಕೊಳ್ಳಬೇಡಿ. ‘ಇದು ತೊಂಬತ್ತು ಕಿಲೋ ತೂಕದ ಮನುಷ್ಯ, ಚಳಿಗೆ ಕೈಕಾಲು ಮರಗಟ್ಟಿವೆ, ಹೇಗೆ ಎತ್ತುತ್ತೀರಿ?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಹಾಯಿ ಏರಿಸುವ ಹಗ್ಗ, ವಿಂಚ್, ಏಣಿ, ರಾಟೆ, ಇವುಗಳಲ್ಲಿ ಆ ದೋಣಿಯಲ್ಲಿ ಏನಿದೆ ಎಂಬುದು ಬೆಳಿಗ್ಗೆಯೇ ನಿಮಗೆ ಗೊತ್ತಿರಬೇಕು. ಮೇ ತಿಂಗಳಲ್ಲೂ ಅಲ್ಲಿಯ ನೀರು ಹನ್ನೆರಡು ಡಿಗ್ರಿಯ ಆಸುಪಾಸು ಇರುತ್ತದೆ. ನಮ್ಮ ಊರಿನ ಬಿಸಿಲಿನಲ್ಲಿ ಕುಳಿತು ಇದನ್ನು ಮರೆಯುವುದು ಸುಲಭ.

ಮಂಜು ಕವಿದಿದೆ ಎಂದು ಭಾವಿಸಿ ಮಾಡುವ ಕುರುಡು ನಾವಿಕತನ ಇನ್ನೊಂದು. ನಿಮ್ಮನ್ನು ಕೆಳಗೆ ಚಾರ್ಟ್ (ಸಮುದ್ರದ ನಕಾಶೆ) ಹರಡಿದ ಮೇಜಿನ ಮುಂದೆ ಕೂರಿಸುತ್ತಾರೆ. ಹೊರಗೆ ನೋಡುವಂತಿಲ್ಲ. ಆಳ, ವೇಗ, ದಿಕ್ಕು, ಸಮಯ ಇಷ್ಟರಿಂದಲೇ ಮೇಲಿರುವವರಿಗೆ ಹೇಳಿ ಹೇಳಿ ಒಂದು ತೇಲುಗುರುತಿನ ಹತ್ತಿರ ದೋಣಿ ತರಬೇಕು. ಇಲ್ಲಿ ಎರಡು ಗುಟ್ಟುಗಳಿವೆ. ಒಂದು, ಆಳದ ರೇಖೆಯನ್ನೇ ದಾರಿಯಾಗಿ ಹಿಡಿಯುವುದು. ಚಾರ್ಟಿನಲ್ಲಿ 5 ಮೀಟರ್ ರೇಖೆ, ಆ ಹೊತ್ತಿನ ಉಬ್ಬರ 2.3 ಮೀಟರ್ ಎಂದರೆ ಆಳಮಾಪಕ ನೀರಿನ ಮಟ್ಟದಿಂದ ಅಳೆಯುವಂಥದ್ದಾದರೆ 7.3 ತೋರಿಸಬೇಕು. ಕೀಲಿನ (ದೋಣಿಯ ತಳದಿಂದ ಕೆಳಕ್ಕೆ ಚಾಚಿದ ಭಾಗ) ಕೆಳಗಿನಿಂದ ಅಳೆಯುವಂಥದ್ದಾದರೆ, ದೋಣಿ ನೀರಿನೊಳಗೆ 1.8 ಮೀಟರ್ ಮುಳುಗಿದ್ದರೆ, 5.5 ತೋರಿಸಬೇಕು. ಆಳಮಾಪಕ ಎಲ್ಲಿಂದ ಅಳೆಯುತ್ತದೆ ಎಂದು ಹೊರಡುವ ಮೊದಲೇ ಕೇಳಿ. ಇನ್ನೊಂದು, ಗುರಿಗೆ ನೇರವಾಗಿ ಹೋಗದೆ ಬೇಕೆಂದೇ ಒಂದು ಪಕ್ಕಕ್ಕೆ ಹೋಗುವುದು. ನೇರ ಹೋಗಿ ಗುರುತು ಸಿಗದಿದ್ದರೆ ಅದು ಎಡಕ್ಕೋ ಬಲಕ್ಕೋ ಗೊತ್ತಾಗುವುದಿಲ್ಲ. ಬೇಕೆಂದೇ ಎಡಕ್ಕೆ ಹೋಗಿ ಆಳದ ರೇಖೆ ಮುಟ್ಟಿದರೆ ಬಲಕ್ಕೆ ತಿರುಗಿದರಾಯಿತು.

ಇದರ ಅಭ್ಯಾಸಕ್ಕೆ ಒಬ್ಬ ತಮ್ಮ, ಒಂದು ಸೈಕಲ್ಲು, ಎರಡು ಫೋನು ಸಾಕು. ನಿಮ್ಮ ಬಡಾವಣೆಯ ನಕಾಶೆಯನ್ನು ಮುದ್ರಿಸಿಕೊಂಡು ನೀವು ಕೋಣೆಯಲ್ಲಿ ಕುಳಿತುಕೊಳ್ಳಿ. ಬೆಳಿಗ್ಗೆ ವಾಹನ ಓಡಾಡದ ಹೊತ್ತಿನಲ್ಲಿ ಅವನು ಬ್ಲೂಟೂತ್ ಕಿವಿಗಿಟ್ಟು ಒಂದೇ ನಿಧಾನದ ವೇಗದಲ್ಲಿ ಸೈಕಲ್ ಹೊಡೆಯಲಿ. ರಸ್ತೆಯ ಹೆಸರು, ಅಂಗಡಿಯ ಹೆಸರು ಹೇಳುವಂತಿಲ್ಲ. ರಸ್ತೆಯ ಉಬ್ಬು ಬಂದಾಗ ‘ಉಬ್ಬು’ ಎಂದಷ್ಟೇ ಹೇಳಬೇಕು, ಅದು ನಿಮ್ಮ ಆಳಮಾಪಕ. ನೀವು ಗಡಿಯಾರ ನೋಡಿಕೊಂಡು, ನಕಾಶೆಯ ಮೇಲೆ ಪೆನ್ಸಿಲ್ ಇಟ್ಟು, ಅವನನ್ನು ನೀವು ಆರಿಸಿದ ಬೇವಿನ ಮರದ ಕೆಳಗೆ ನಿಲ್ಲಿಸಬೇಕು. ‘ಇನ್ನು ಒಂದು ನಿಮಿಷಕ್ಕೆ ಉಬ್ಬು ಬರಬೇಕು, ಬರದಿದ್ದರೆ ನಿಲ್ಲು’ ಎಂದು ಮುಂದಾಗಿ ಹೇಳುವುದನ್ನು ಕಲಿಯುತ್ತೀರಿ. ಪರೀಕ್ಷಕರು ಕಿವಿಗೊಟ್ಟು ಕೇಳುವುದೂ ಅದನ್ನೇ: ಮುಂದೆ ಏನು ಬರಬೇಕು, ಬರದಿದ್ದರೆ ಏನು ಮಾಡುತ್ತೀರಿ.

ದಿಕ್ಸೂಚಿಯ ಕೆಲಸಕ್ಕಂತೂ ವಿಜಯಪುರದಂಥ ಊರು ಅಪರೂಪ. ಗೋಲಗುಂಬಜದ ಗುಮ್ಮಟ, ಇಬ್ರಾಹಿಂ ರೋಜಾದ ಮಿನಾರುಗಳು, ಉಪ್ಪಲಿ ಬುರುಜು, ಮೂರೂ ನಕಾಶೆಯಲ್ಲಿ ಸ್ಪಷ್ಟವಾಗಿ ಗುರುತಾಗಿರುವ, ದೂರದಿಂದ ಕಾಣುವ ಗುರುತುಗಳು. ಕೈದಿಕ್ಸೂಚಿ ಹಿಡಿದು ಎತ್ತರದ ಮಾಳಿಗೆಯಿಂದ ಕಾಣುವಷ್ಟಕ್ಕೆ ದಿಕ್ಕಿನ ಕೋನ ತೆಗೆದು ನಕಾಶೆಯ ಮೇಲೆ ಗೆರೆ ಎಳೆಯಿರಿ. ಎರಡು ಗುರುತಾದರೆ ನಡುವೆ ತೊಂಬತ್ತು ಡಿಗ್ರಿಯ ಹತ್ತಿರ, ಮೂರಾದರೆ ಅರವತ್ತರ ಹತ್ತಿರ ಅಂತರ ಇರುವಂತೆ ಆರಿಸಿ. ಗೆರೆಗಳು ಒಂದೇ ಬಿಂದುವಿನಲ್ಲಿ ಸೇರದೆ ಸಣ್ಣ ತ್ರಿಕೋನವಾಗುತ್ತವೆ. ಆ ತ್ರಿಕೋನ ದೊಡ್ಡದಾದರೆ ಏಕೆ ಎಂದು ಹುಡುಕಿ: ಕಬ್ಬಿಣದ ಕಟಕಟೆಗೆ ಒರಗಿದ್ದಿರಾ, ಜೇಬಿನಲ್ಲಿ ಫೋನಿತ್ತೇ? ನಮ್ಮಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ ತೀರಾ ಕಡಿಮೆ, ಸೌತಾಂಪ್ಟನ್ ಮುಂದಿನ ಜಲಸಂಧಿಯಾದ ಸೊಲೆಂಟ್‌ನಲ್ಲೂ ಈಗ ಅದು ಸೊನ್ನೆಯ ಹತ್ತಿರವೇ. ಆದರೂ ಆ ಲೆಕ್ಕ ಬಾಯಲ್ಲಿರಬೇಕು, ದೋಣಿಯ ಸ್ವಂತ ದಿಕ್ಸೂಚಿಯ ದೋಷ ಬೇರೆಯೇ ಇರುತ್ತದೆ.

ಉಬ್ಬರ-ಇಳಿತದ ಲೆಕ್ಕದಲ್ಲಿ ಬಯಲುಸೀಮೆಯವರಿಗೆ ಮೊದಲು ಅಂಜಿಕೆ ಇರುತ್ತದೆ. ದಿನಕ್ಕೊಂದು ಲೆಕ್ಕದಂತೆ ಮಾಡಿದರೆ ಅದು ಹೋಗುತ್ತದೆ. ಪರೀಕ್ಷೆಗೆ ಬೇಕಾದದ್ದು ಹೆಚ್ಚಿನ ಗಣಿತವಲ್ಲ. ಲಂಗರು ಹಾಕುವ ಲೆಕ್ಕವನ್ನೇ ನೋಡಿ. ಈಗ ಆಳ 5 ಮೀಟರ್, ಈ ಹೊತ್ತಿನ ಉಬ್ಬರದ ಎತ್ತರ 3.2. ಅಂದರೆ ಚಾರ್ಟಿನ ಮಟ್ಟಕ್ಕಿಂತ (ಉಬ್ಬರದ ಎತ್ತರ ಸೊನ್ನೆ ಎಂದು ಎಣಿಸುವ ಮಟ್ಟ) ಕೆಳಗೆ ಇಲ್ಲಿ 1.8 ಮೀಟರ್ ನೀರಿದೆ. ಮುಂದಿನ ಇಳಿತದಲ್ಲಿ ಎತ್ತರ 1.0 ಆದರೆ ಒಟ್ಟು 2.8 ಮೀಟರ್ ಉಳಿಯುತ್ತದೆ. ದೋಣಿ 1.8 ಮುಳುಗಿದ್ದರೆ ಕೀಲಿನ ಕೆಳಗೆ ಒಂದು ಮೀಟರ್. ಮುಂದಿನ ಉಬ್ಬರದಲ್ಲಿ ಎತ್ತರ 4.4 ಆದರೆ ಆಳ 6.2, ಅದರ ನಾಲ್ಕು ಪಟ್ಟು ಸರಪಳಿ ಎಂದರೆ 25 ಮೀಟರ್. ಇಷ್ಟನ್ನು ಅಲುಗಾಡುವ ದೋಣಿಯಲ್ಲಿ, ಯಾರೋ ಚಹಾ ಬೇಕೇ ಎಂದು ಕೇಳುತ್ತಿರುವಾಗ ಮಾಡಲು ಬರಬೇಕು. ಆದ್ದರಿಂದ ಮನೆಯಲ್ಲಿ ಟಿವಿ ನಡೆಯುತ್ತಿರುವಾಗ, ಮಕ್ಕಳು ಗದ್ದಲ ಹಾಕುತ್ತಿರುವಾಗಲೇ ಮಾಡಿ.

ಸೊಲೆಂಟ್‌ನಲ್ಲಿ ಒಂದು ವಿಶೇಷವಿದೆ. ಸೌತಾಂಪ್ಟನ್‌ನಲ್ಲಿ ಉಬ್ಬರ ಒಮ್ಮೆ ಏರಿ, ಸ್ವಲ್ಪ ತಗ್ಗಿ, ಮತ್ತೆ ಏರುತ್ತದೆ. ಹೀಗಾಗಿ ಸ್ವಾನೇಜ್‌ನಿಂದ ಸೆಲ್ಸೀವರೆಗಿನ ಬಂದರುಗಳಿಗೆ ಉಬ್ಬರದ ಹೊತ್ತಿನಿಂದಲ್ಲ, ಇಳಿತದ ಹೊತ್ತಿನಿಂದ ಎಣಿಸುವ ಪ್ರತ್ಯೇಕ ವಕ್ರರೇಖೆಗಳಿವೆ. ಆರು ಗಂಟೆಗಳಲ್ಲಿ ಹನ್ನೆರಡನೆಯ ಒಂದು, ಎರಡು, ಮೂರು, ಮೂರು, ಎರಡು, ಒಂದು ಭಾಗ ಎಂದು ನಾವು ಕಲಿತ ಸುಲಭ ಸೂತ್ರ ಅಲ್ಲಿ ಕೈಕೊಡುತ್ತದೆ. ಇನ್ನೊಂದು ಎಚ್ಚರಿಕೆ: ನಾವಿಕರ ಪಂಚಾಂಗದಲ್ಲಿ (ಅಲ್ಮನಾಕ್) ಕೊಟ್ಟಿರುವ ಉಬ್ಬರ-ಇಳಿತದ ಸಮಯ ಗ್ರೀನಿಚ್‌ನದು. ಮೇ ತಿಂಗಳಲ್ಲಿ ಅಲ್ಲಿ ಬೇಸಿಗೆ ಸಮಯ ನಡೆಯುತ್ತಿರುತ್ತದೆ, ಒಂದು ಗಂಟೆ ಕೂಡಿಸಬೇಕು. ಪ್ರತಿ ಲೆಕ್ಕದ ಪುಟದ ಮೇಲೂ ಇದನ್ನು ಮೊದಲ ಸಾಲಾಗಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಈ ನಡುವೆ ನೀರು ನೋಡಬೇಕೆನಿಸಿದರೆ ಎರಡು ಕಡೆ ಹೋಗಿ ಬನ್ನಿ. ಕೊಲ್ಹಾರದ ಸೇತುವೆಯ ಬಳಿ ಆಲಮಟ್ಟಿಯ ಹಿನ್ನೀರು ಅಗಲವಾಗಿ ಹರಡಿದೆ. ಜಲಾಶಯ ಪೂರ್ತಿ ತುಂಬಿದಾಗ ನೀರಿನ ಮಟ್ಟ 519.60 ಮೀಟರ್, ಬೇಸಿಗೆಯಲ್ಲಿ ಅದು ಇಳಿದಂತೆ ದಿಬ್ಬಗಳು ಮೇಲೇಳುತ್ತವೆ. ದಂಡೆಯ ಮೇಲೆ ನಡೆಯುತ್ತಾ ದೂರದ ಒಂದು ಗುಡಿಯ ಶಿಖರ, ಅದರ ಮುಂದೆ ಒಂದು ವಿದ್ಯುತ್ ಕಂಬ ಒಂದೇ ಗೆರೆಯಲ್ಲಿ ಬರುವ ಜಾಗ ಹುಡುಕಿ. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಗೆರೆ ಒಡೆಯುತ್ತದೆ. ಬಂದರಿನೊಳಗೆ ಹೋಗುವಾಗ ಹರಿವು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತಿದೆಯೇ ಎಂದು ತಕ್ಷಣ ತಿಳಿಯುವ ವಿಧಾನ ಇದೇ, ಇದಕ್ಕೆ ಬ್ಯಾಟರಿ ಬೇಕಿಲ್ಲ. ಮೀನುಗಾರರು ಅಡ್ಡಗಾಳಿಯಲ್ಲಿ ದೋಣಿಯನ್ನು ಗುರಿಗೆ ಹೇಗೆ ಮುಟ್ಟಿಸುತ್ತಾರೆ ಎಂಬುದನ್ನೂ ಗಮನಿಸಿ ನೋಡಿ, ಮೂತಿ ಒಂದು ಕಡೆ, ಪಯಣ ಇನ್ನೊಂದು ಕಡೆ ಇರುತ್ತದೆ.

ಇನ್ನೊಂದು ಪಣಜಿ. ಬೆಳಗಾವಿಗೆ ಬಂದು ಚೋರ್ಲಾ ಘಾಟಿ ಇಳಿದರೆ ಮಾಂಡೋವಿ ಸಿಗುತ್ತದೆ. ಭಾರತವೂ ಬ್ರಿಟನ್ನೂ ತೇಲುಗುರುತುಗಳ ಒಂದೇ ಪದ್ಧತಿಯಲ್ಲಿವೆ, ಸಮುದ್ರದಿಂದ ಒಳಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಹೀಗಾಗಿ ಅಲ್ಲಿ ನೋಡಿ ಕಲಿತದ್ದು ಸೊಲೆಂಟ್‌ನಲ್ಲಿ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮರುದಿನ ಹೋಗಿ, ಜೆಟ್ಟಿಯ ಕಂಬದ ಮೇಲೆ ಗಂಟೆಗೊಮ್ಮೆ ನೀರಿನ ಮಟ್ಟ ಗುರುತಿಸಿಕೊಂಡು, ಉಬ್ಬರದ ಪಟ್ಟಿಯೊಂದಿಗೆ ಹೋಲಿಸಿ. ನಡುವಿನ ಎರಡು ಗಂಟೆಗಳಲ್ಲಿ ನೀರು ಎಷ್ಟು ಬೇಗ ಏರುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಮತ್ತೆ ಮರೆಯುವುದಿಲ್ಲ. ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಈ ಮಾಂಡೋವಿ. ಇದೇ ನದಿಯ ದಿವಾಡಿ ದ್ವೀಪದಲ್ಲಿ ಕಟ್ಟಿದ ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ಅಧಿಕಾರಿ ದಿಲೀಪ್ ದೊಂಡೆ 2009–10ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು, ಹಾಗೆ ಮಾಡಿದ ಮೊದಲ ಭಾರತೀಯ ಅವರು. ಗೋವಾದಲ್ಲೇ ಕಟ್ಟಿದ ‘ತಾರಿಣಿ’ಯಲ್ಲಿ 2017–18ರಲ್ಲಿ ನೌಕಾಪಡೆಯ ಆರು ಮಹಿಳೆಯರು, 2024–25ರಲ್ಲಿ ಕೇವಲ ಇಬ್ಬರು ಮಹಿಳೆಯರು, ದಿಲ್ನಾ ಮತ್ತು ರೂಪಾ, ಅದನ್ನೇ ಮಾಡಿದರು. ನಾಲಿಗೆ ಏಳುವುದಿಲ್ಲ ಎಂದು ಬರೆದ ನೀವು ಇದನ್ನು ತಿಳಿದಿರಬೇಕು ಎಂದು ಹೇಳುತ್ತಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆಗಾಲದಲ್ಲಿ ಈ ಕರಾವಳಿ ಸಣ್ಣ ದೋಣಿಗೆ ಸಲ್ಲದು. ನೀವು ಇರುವ ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ನೆಲದ ಗಾಳಿ, ಮಧ್ಯಾಹ್ನದ ನಂತರ ವಾಯವ್ಯದಿಂದ ಕಡಲ ಗಾಳಿ ಬರುವುದನ್ನು ಅಲ್ಲಿ ದಿನವೂ ನೋಡಬಹುದು.

ಡಿಕ್ಕಿ ತಪ್ಪಿಸುವ ನಿಯಮಗಳನ್ನು ಸಂಖ್ಯೆಯ ಸಮೇತ ಕಂಠಪಾಠ ಮಾಡಿದವರೂ ದೋಣಿಯ ಮೇಲೆ ತಡವರಿಸುತ್ತಾರೆ. ಪರೀಕ್ಷಕರು ಎದುರಿಗೆ ಬರುವ ದೊಡ್ಡ ಹಡಗನ್ನು ತೋರಿಸಿ ‘ಈಗ ಏನು ಮಾಡುತ್ತೀರಿ?’ ಎಂದು ಕೇಳಿದಾಗ, ಯಂತ್ರದ ಹಡಗು ಹಾಯಿದೋಣಿಗೆ ದಾರಿ ಬಿಡಬೇಕು ಎಂದು ಉತ್ತರಿಸಿದರೆ ಕೆಲಸ ಕೆಟ್ಟಿತು. ಇಕ್ಕಟ್ಟಾದ ಕಾಲುವೆಯಲ್ಲಿ ಮಾತ್ರ ಸಾಗಬಲ್ಲ ಹಡಗಿಗೆ 20 ಮೀಟರ್‌ಗಿಂತ ಚಿಕ್ಕ ದೋಣಿಯಾಗಲಿ ಹಾಯಿದೋಣಿಯಾಗಲಿ ಅಡ್ಡಿಯಾಗಬಾರದು ಎಂದು 9ನೇ ನಿಯಮ ಹೇಳುತ್ತದೆ. ಸೊಲೆಂಟ್‌ನ ನಡುಭಾಗದಲ್ಲಿ 150 ಮೀಟರ್‌ಗಿಂತ ಉದ್ದದ ಹಡಗಿನ ಮುಂದೆ 1000 ಮೀಟರ್, ಎರಡೂ ಪಕ್ಕ 100 ಮೀಟರ್ ಜಾಗಕ್ಕೆ ಯಾರೂ ಹೋಗುವಂತಿಲ್ಲ, ಆ ನಿಷೇಧಿತ ಜಾಗ ಹಡಗಿನೊಂದಿಗೇ ಚಲಿಸುತ್ತದೆ. ಹಾಯಿ ಏರಿಸಿದ್ದರೂ ಎಂಜಿನ್ನಿನಿಂದ ಸಾಗುತ್ತಿದ್ದರೆ ನಿಮ್ಮದು ಯಂತ್ರದ ದೋಣಿಯೇ. ಮಂಜಿನಲ್ಲಿ, ಒಬ್ಬರನ್ನೊಬ್ಬರು ಕಾಣದಿರುವಾಗ, ಯಾರಿಗೂ ನೇರ ಸಾಗುವ ಹಕ್ಕಿಲ್ಲ. ಪುಸ್ತಕ ಓದುವಾಗ ಪ್ರತಿ ನಿಯಮದ ಪಕ್ಕದಲ್ಲಿ ‘ನಾನು ಏನು ಮಾಡುತ್ತೇನೆ, ಯಾವಾಗ, ಅವರಿಗೆ ಅದು ಹೇಗೆ ಕಾಣುತ್ತದೆ’ ಎಂದು ಬರೆದುಕೊಳ್ಳಿ. ಹಡಗುಗಳು ರಾತ್ರಿ ತೋರಿಸುವ ದೀಪಗಳನ್ನು ಚೀಟಿ ಮಾಡಿ ಮನೆಯವರಿಂದ ಕೇಳಿಸಿಕೊಳ್ಳಿ, ಅದಕ್ಕೆ ಬೇರೆ ಉಪಾಯವಿಲ್ಲ.

ಹವಾಮಾನಕ್ಕೆ ದಿನಕ್ಕೆ ಹತ್ತು ನಿಮಿಷ ಇಡಿ. ಬ್ರಿಟನ್ನಿನ ಹವಾಮಾನ ಇಲಾಖೆ ಕರಾವಳಿಗೆ ಕೊಡುವ ಮುನ್ಸೂಚನೆಯಲ್ಲಿ ಸೆಲ್ಸೀ ಬಿಲ್‌ನಿಂದ ಲೈಮ್ ರೀಜಿಸ್‌ವರೆಗಿನ ಭಾಗವನ್ನು ಓದಿ, ನಾಳೆ ಹ್ಯಾಂಬಲ್‌ನಿಂದ ಪೂಲ್‌ಗೆ ಹೋಗುವುದಾದರೆ ಹೋಗುತ್ತೀರಾ ಇಲ್ಲವೇ ಎಂದು ಒಂದೇ ಸಾಲಿನಲ್ಲಿ ನಿರ್ಧಾರ ಬರೆಯಿರಿ. ಗಾಳಿ ಹರಿವಿಗೆ ಎದುರಾಗಿ ಬೀಸುವ ಹೊತ್ತಿನಲ್ಲಿ ಸೊಲೆಂಟ್‌ನ ಪಶ್ಚಿಮ ಬಾಯಿಯಲ್ಲಿರುವ ಹರ್ಸ್ಟ್‌ನ ಇಕ್ಕಟ್ಟು ದಾಟಬೇಕಾಗುತ್ತದೆಯೇ? ಅಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಹರಿವು ನಾಲ್ಕು ನಾಟ್ (ಗಂಟೆಗೆ ನಾಲ್ಕು ನಾಟಿಕಲ್ ಮೈಲು) ದಾಟುತ್ತದೆ, ಅಲೆ ಕಡಿದಾಗಿ ಏಳುತ್ತದೆ. ಮರುದಿನ ನಿಜವಾಗಿ ಏನಾಯಿತು ನೋಡಿ. ಯೋಜನೆ ಬರೆಯುವಾಗ ಹೋಗುವ ದಾರಿಗಿಂತ ಹೆಚ್ಚು ಗಮನವನ್ನು ತಿರುಗಿ ಬರುವ ದಾರಿಗೆ ಕೊಡಿ: ಎಲ್ಲಿ ಆಶ್ರಯ ಪಡೆಯಬಹುದು, ಆ ಬಂದರಿನೊಳಗೆ ಯಾವ ಹೊತ್ತಿನಲ್ಲಿ ನೀರಿರುತ್ತದೆ, ಎಷ್ಟು ಗಂಟೆಯೊಳಗೆ ಆ ನಿರ್ಧಾರ ಮಾಡಬೇಕು. ಚಾರ್ಟ್‌ಪ್ಲಾಟರ್ ಬಳಸುವುದು ತಪ್ಪಲ್ಲ. ಆದರೆ ಪರದೆಯ ಮೇಲಿನ ನಕಾಶೆಯನ್ನು ಚಿಕ್ಕದು ಮಾಡಿದಾಗ ಬಂಡೆ ಮಾಯವಾಗುತ್ತದೆ ಎಂಬುದು ನಿಮಗೆ ಗೊತ್ತಿದೆ ಎಂದು ನಿಮ್ಮ ಕೆಲಸದಲ್ಲಿ ಕಾಣಬೇಕು.

ಕೊನೆಯದಾಗಿ ಒಂದು ಖರ್ಚಿನ ವಿಷಯ, ಇದರಲ್ಲಿ ಉಳಿತಾಯ ಮಾಡಬೇಡಿ. ಇಲ್ಲಿಂದ ಹೋದ ಮರುದಿನವೇ ಪರೀಕ್ಷೆ ಇಟ್ಟುಕೊಳ್ಳಬೇಡಿ. ನಾಲ್ಕೈದು ದಿನ ಮುಂಚೆ ಹೋಗಿ, ಪರೀಕ್ಷೆ ನಡೆಯುವ ದೋಣಿಯಲ್ಲೇ, ಸಾಧ್ಯವಾದರೆ ಅದೇ ಸಿಬ್ಬಂದಿಯೊಂದಿಗೆ ಅಭ್ಯಾಸ ಮಾಡಿ. ಪ್ರತಿ ದೋಣಿಗೂ ತನ್ನದೇ ಗುಣವಿದೆ. ಎಂಜಿನ್ನನ್ನು ಹಿಂದಕ್ಕೆ ಹಾಕಿದ ಕೂಡಲೇ ಹಿಂಭಾಗ ಯಾವ ಕಡೆ ಒದೆಯುತ್ತದೆ ಎಂದು ಜೆಟ್ಟಿಗೆ ಕಟ್ಟಿದ್ದಾಗಲೇ ನೋಡಿ. ಪ್ರೊಪೆಲರ್‌ನ ನೀರು ನೊರೆಯಾಗಿ ಯಾವ ಬದಿಯಿಂದ ಹೆಚ್ಚಾಗಿ ಮುಂದಕ್ಕೆ ಬರುತ್ತದೋ ಅದರ ಎದುರು ಬದಿಗೆ ಹಿಂಭಾಗ ಸರಿಯುತ್ತದೆ. ಆ ಬದಿಯನ್ನೇ ಜೆಟ್ಟಿಗೆ ಹಚ್ಚುವಂತೆ ಯೋಜಿಸಿದರೆ ದೋಣಿ ತಾನೇ ಒಳಗೆ ಸರಿದು ಕೂರುತ್ತದೆ. ಪರೀಕ್ಷೆಯ ಬೆಳಿಗ್ಗೆ ಎಂಜಿನ್ನಿನ ಎಣ್ಣೆ, ಬೆಲ್ಟ್, ತಂಪುನೀರು ನೋಡುವ ಕೆಲಸವನ್ನು ಸಿಬ್ಬಂದಿಯಲ್ಲಿ ಒಬ್ಬರಿಗೆ, ಅವರು ಎಷ್ಟೇ ಹಿರಿಯರಿರಲಿ, ಹೆಸರು ಹಿಡಿದು ವಹಿಸಿಕೊಡಿ. ಮುಗಿದ ಮೇಲೆ ಏನು ಕಂಡಿತು ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಿ.